ದಾರಿ ಬಿಟ್ಟ ಕೈ

ಶವದ ಗಾಡಿಯ ಕಪ್ಪು ಬಾಗಿಲಿಗೆ ಕಾರ್ ಕ್ಲಬ್ಬಿನ ಡ್ವೇನ್ ನೀಲಿ ಟೇಪಿನಲ್ಲಿ ನಲವತ್ತಾರು ಎಂದು ಅಂಟಿಸುತ್ತಿದ್ದಾಗ, ಅವನನ್ನು ತಡೆಯಲು ಗಾಡಿಯ ಒಡೆಯ ಓಡೆಗಾರ್ಡ್ ಚರ್ಚಿನ ಮೆಟ್ಟಿಲಿಳಿದು ಬಂದ. ಊರಿನ ಹೆಣಗಳನ್ನೆಲ್ಲ ಮೂವತ್ತು ವರ್ಷದಿಂದ ಸಾಗಿಸುತ್ತಿದ್ದ ಅವನ ಗಾಡಿಗೆ ಇದುವರೆಗೆ ಯಾರೂ ಏನನ್ನೂ ಅಂಟಿಸಿರಲಿಲ್ಲ.

"ನಂಬರಿಲ್ದೆ ಟ್ರ್ಯಾಕಿಗೆ ಬಿಡಲ್ಲ ಮಾರಾಯ," ಎಂದ ಡ್ವೇನ್, ಆರರ ಬಾಲವನ್ನು ಹೆಬ್ಬೆರಳಿನಿಂದ ಒತ್ತುತ್ತ. "ಸತ್ತೋರಿಗೂ ಅದೇ ರೂಲ್ಸು."

"ಬಣ್ಣ ಕಿತ್ಕೊಂಡು ಬಂದ್ರೆ?"

"ಬರಲ್ಲ. ಎಲ್ಡನ್ ಹದಿನೆಂಟು ವರ್ಷ ಇದೇ ಟೇಪು ಅಂಟ್ಸಿ ಕಿತ್ತಿದಾನೆ. ನಿನ್ ಗಾಡಿಗಿಂತ ಅವನ ಕಾರೇ ಹೊಳೀತದೆ."

ಎಲ್ಡನ್‌ನ ಹೆಂಡತಿ ಮಾರ್ಲಿಸ್ ಚರ್ಚಿನ ಬಾಗಿಲಲ್ಲಿ ನಿಂತು ನೋಡುತ್ತಿದ್ದಳು. ಪ್ರಾರ್ಥನೆ, ಊಟ ಮುಗಿದ ಮೇಲೆ ಸಮಾಧಿಗೆ ಹೋಗುವ ದಾರಿಯಲ್ಲಿ ಅವಳ ತೀರಿಕೊಂಡ ಗಂಡನಿಗೆ ಕಾರ್ ರೇಸಿನ ಟ್ರ್ಯಾಕಿನಲ್ಲಿ ಕೊನೆಯ ಒಂದು ಸುತ್ತು ಹಾಕಿಸುವುದೆಂದು ಕ್ಲಬ್ಬಿನವರು ನಿಶ್ಚಯಿಸಿದ್ದರು. ಅವಳು ಬೇಡವೆನ್ನಲಿಲ್ಲ. ಶನಿವಾರ ಫೋನು ಬಂದಾಗಿನಿಂದ ಅವಳು ಯಾವುದನ್ನೂ ಬೇಡವೆಂದಿರಲಿಲ್ಲ. ಕ್ಲಬ್ಬಿನ ಯಾರು ಎದುರಾದರೂ ಒಂದು ಮಾತನ್ನು ಮಾತ್ರ ಕೇಳುತ್ತಿದ್ದಳು: ಆ ಹೊತ್ತಿನಲ್ಲಿ ಅವನ ಜೊತೆ ಯಾರಿದ್ದರು? ಕಾರಿನಲ್ಲಿ ಒಬ್ಬನೇ ಇದ್ದ ಎಂದು ಅವರು ತಲೆ ತಗ್ಗಿಸಿ ಹೇಳಿದರೆ, ಹಿಂದೆ, ಎಂದು ಮತ್ತೆ ಕೇಳುತ್ತಿದ್ದಳು, ಅವನ ಹಿಂದೆ ಯಾರಿದ್ದರು? ಆ ಎರಡನೆಯ ಪ್ರಶ್ನೆ ಅವರಿಗೆ ಅರ್ಥವಾಗುತ್ತಿರಲಿಲ್ಲ. ದುಃಖದಲ್ಲಿ ಜನ ಏನೇನೋ ಕೇಳುತ್ತಾರೆಂದು ಅವಳ ಕೈ ಕುಲುಕಿ ಮುಂದೆ ಹೋಗುತ್ತಿದ್ದರು.

* * *

ವಿಸ್ಕಾನ್ಸಿನ್ನಿನ ಆ ಕೌಂಟಿಯ ರಸ್ತೆಗಳಲ್ಲಿ ಎಲ್ಡನ್ ಮೂವತ್ತೊಂದು ಚಳಿಗಾಲ ಹಿಮ ತಳ್ಳುವ ಲಾರಿ ಓಡಿಸಿದ. ಗಂಟೆಗೆ ಇಪ್ಪತ್ತೈದು ಮೈಲಿ, ಹಿಂದೆ ಸಾಲುಗಟ್ಟಿ ಹಾರನ್ ಬಾರಿಸುವ ಜನ. ಐವತ್ತು ದಾಟಿದ ಮೇಲೆ ಒಂದು ದಿನ ಎರಡೇ ಸೀಟಿನ ಹಳೆಯ ಕೆಂಪು ಕಾರೊಂದನ್ನು ಮನೆಗೆ ತಂದ. ಅಂದಿನಿಂದ ಬೇಸಿಗೆಯಲ್ಲಿ ತಿಂಗಳಿಗೊಂದು ಶನಿವಾರ ಟ್ರ್ಯಾಕು. ವರ್ಷಕ್ಕೊಮ್ಮೆ ಡ್ವೇನ್ ಜೊತೆ ಡೇರೆ ಹೊತ್ತುಕೊಂಡು ದೂರದ ದೊಡ್ಡ ರೇಸು ನೋಡುವ ಯಾತ್ರೆ. ಟ್ರ್ಯಾಕಿನಲ್ಲಿ ಅವನು ಯಾರನ್ನೂ ಗೆಲ್ಲಬೇಕಿರಲಿಲ್ಲ. ದಂತವೈದ್ಯರು, ಮೇಷ್ಟ್ರುಗಳು, ಹಾಲಿನ ಡೇರಿಯವರು ತಂತಮ್ಮ ಕಾರುಗಳನ್ನು ತಂದು, ಪೊಲೀಸರ ಭಯವಿಲ್ಲದೆ ಸಂಜೆಯವರೆಗೆ ಸುತ್ತಿ, ಸುಟ್ಟ ಬ್ರೇಕಿನ ವಾಸನೆ ಹೊತ್ತು ಮನೆಗೆ ಮರಳುತ್ತಿದ್ದರು. ಅಷ್ಟೇ.

ಮೊದಲ ಶನಿವಾರದ ಹಿಂದಿನ ರಾತ್ರಿ ಅವನು ಬರ್ತೀಯಾ ಎಂದು ಕೇಳಿದ್ದ.

"ಸುತ್ತಿ ಸುತ್ತಿ ಹೊರಟಲ್ಲಿಗೇ ಬರೋದಕ್ಕೆ ನಾನ್ಯಾಕೆ?" ಎಂದಿದ್ದಳು ಮಾರ್ಲಿಸ್.

ಬೆಳಿಗ್ಗೆ ತಿಂಡಿ ಡಬ್ಬಿ ಕಟ್ಟುವಾಗ ಮತ್ತೆ ಕೇಳಿದ. ನಿಂಗ್ಯಾಕೆ ತೊಂದ್ರೆ ಎಂದಳು. ನಾರ್ವೆಯಿಂದ ಬಂದವರ ಮೊಮ್ಮಕ್ಕಳು ತುಂಬಿದ ಊರು ಅದು. ಅಲ್ಲಿ ಒಂದು ಲೋಟ ಕಾಫಿಯನ್ನೂ ಎರಡು ಸಲ ಬೇಡವೆಂದು ಮೂರನೆಯ ಸಲಕ್ಕೆ ಕೈ ಚಾಚುತ್ತಾರೆ. ಮಾರ್ಲಿಸ್ ಒಳಗೆ ಹೋಗಿ ಶೂ ಹಾಕಿಕೊಂಡು, ಲೇಸು ಕಟ್ಟಿ, ಮೂರನೆಯ ಸಲಕ್ಕಾಗಿ ಮಂಚದ ಮೇಲೆ ಕೂತಳು. ಹೊರಗೆ ಕಾರು ಶುರುವಾಯಿತು. ಸದ್ದು ರಸ್ತೆ ತಿರುಗಿ ಹೋಯಿತು. ಅದೇ ಊರಿನಲ್ಲಿ ಹುಟ್ಟಿ ಬೆಳೆದವನು, ಅವಳ ಮೇಲಿನ ಗೌರವದಿಂದಲೇ ಇರಬೇಕು, ಅವಳ ಮಾತನ್ನು ಮಾತೆಂದೇ ನಂಬಿಬಿಟ್ಟಿದ್ದ. ಮುಂದೆಂದೂ ಕೇಳಲಿಲ್ಲ.

ಆ ಮಧ್ಯಾಹ್ನ ಸೋಫಾದ ಮೇಲೆ ಅವಳಿಗೆ ಜೊಂಪು ಹತ್ತಿತು. ಕನಸಿನಲ್ಲಿ ಅವನ ಪಕ್ಕದ ಸೀಟಿನಲ್ಲಿದ್ದಳು. ರಸ್ತೆ ಎಡಕ್ಕೆ ಬಾಗಿ ಒಮ್ಮೆಲೇ ಕೆಳಗೆ ಬಿತ್ತು, ಬಲಕ್ಕೆ ಓಕ್ ಮರಗಳು ನುಗ್ಗಿ ಬಂದವು. ಎದ್ದಾಗ ಕತ್ತು ನೋಯುತ್ತಿತ್ತು. ಸಂಜೆ ಅವನು ಊಟದ ಮೇಜಿನ ಮೇಲೆ ಉಪ್ಪಿನ ಡಬ್ಬಿಯನ್ನು ಸರಿಸುತ್ತ ತಿರುವುಗಳನ್ನು ವಿವರಿಸಿದಾಗ ಪ್ರತಿಯೊಂದೂ ಅವಳಿಗೆ ಮೊದಲೇ ಗೊತ್ತಿತ್ತು. ಹದಿನೆಂಟು ವರ್ಷ, ಅವನು ಹೋದ ಶನಿವಾರಗಳಲ್ಲೆಲ್ಲ ಅದೇ ಜೊಂಪು, ಅದೇ ಕನಸು. ಕರೆಯದವರ ಮನೆಗೆ ಹೋಗಿ ಉಂಡು ಬಂದವಳಂತೆ ನಾಚಿಕೆಯಾಗಿ ಅವಳು ಯಾರಿಗೂ ಹೇಳಲಿಲ್ಲ. ಅವನಿಗಂತೂ ಹೇಳಲೇ ಇಲ್ಲ.

* * *

ಚರ್ಚಿನ ನೆಲಮಾಳಿಗೆಯಲ್ಲಿ ಹ್ಯಾಮ್ ಸ್ಯಾಂಡ್‌ವಿಚ್, ಆಲೂಗಡ್ಡೆಯ ಬಿಸಿ ಭಕ್ಷ್ಯ, ಸೌತೆಯ ಉಪ್ಪಿನಕಾಯಿ. ಚರ್ಚಿನ ಹೆಂಗಸರು ಮಾರ್ಲಿಸ್‌ಗೆ ಎರಡು ಸಲ ತಟ್ಟೆ ಕೊಡಲು ಬಂದು, ಮೂರನೆಯ ಸಲ ಅವಳ ಮುಂದೆ ಇಟ್ಟೇ ಹೋದರು. ಮಗಳು ಬ್ರಿಟಾ ಪಕ್ಕದಲ್ಲಿ ಕೂತು ಅಮ್ಮನ ಬೆನ್ನು ಸವರುತ್ತಿದ್ದಳು.

ಆಗ ಎತ್ತರದ, ಬಿಸಿಲಿಗೆ ಸುಟ್ಟ ಮುಖದ ಹೆಂಗಸೊಬ್ಬಳು ಬಂದು ಎದುರು ಕೂತಳು. ಹೆಸರು ಬರ್ನಿಟಾ. ವಾರವಿಡೀ ಶಾಲೆಯ ಬಸ್ಸು ಓಡಿಸಿ, ಶನಿವಾರ ಟ್ರ್ಯಾಕಿನ ಏಳನೆಯ ತಿರುವಿನಲ್ಲಿ ಬಾವುಟ ಹಿಡಿದು ನಿಲ್ಲುವವಳು. ಕೊನೆಯಲ್ಲಿ ಎಲ್ಡನ್‌ನನ್ನು ಕಂಡವಳು ತಾನೇ, ನೀವು ಎಲ್ಲರನ್ನೂ ಏನೋ ಕೇಳುತ್ತಿದ್ದೀರಂತೆ, ಎಂದಳು.

"ಅವನ ಹಿಂದೆ ಯಾರಿದ್ರು?" ಎಂದಳು ಮಾರ್ಲಿಸ್.

ಬರ್ನಿಟಾ ಕಾಫಿ ಲೋಟವನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಳು. "ನಮ್ಮಲ್ಲಿ ಹಿಂದಿನೋರು ತಾವಾಗೇ ನುಗ್ಗೋ ಹಾಗಿಲ್ಲ. ಮುಂದಿರೋನು ಕಿಟಕಿಯಿಂದ ಕೈ ಹೊರಗೆ ಹಾಕಿ, ಈ ಕಡೆಯಿಂದ ಹೋಗು ಅಂತ ತೋರಿಸ್ಬೇಕು. ಆಮೇಲೇ ದಾಟೋದು. ಎಲ್ಡನ್ ಕೈ ತೋರ್ಸಿದ್ರು. ಎಡಕ್ಕೆ, ಪೂರ್ತಿ ಚಾಚಿ. ಆದ್ರೆ ಹಿಂದೆ ಯಾರೂ ಇರ್ಲಿಲ್ಲ ಕಣ್ರೀ."

"ಸರಿಯಾಗಿ ನೋಡಿದ್ರಾ?"

"ನೋಡೋದೇ ನನ್ ಕೆಲ್ಸ. ಮೇಲಿನ ತಿರುವಿನ ತನಕ ರಸ್ತೆ ಖಾಲಿ. ನಲವತ್ತಾರು ಗಾಳಿಗೆ ದಾರಿ ಬಿಡ್ತಿದೆ ಅಂತ ರೇಡಿಯೋದಲ್ಲಿ ಹೇಳ್ದೆ. ಬೇರೆ ತಿರುವಿನ ಬಾವುಟದೋರೆಲ್ಲ ನಕ್ರು. ನಾನೂ ನಕ್ಕೆ." ಅವಳು ಲೋಟವನ್ನು ಮೇಜಿನ ಮೇಲಿಟ್ಟಳು. "ಕಾರು ನಿಧಾನ ಆಯ್ತು. ಪಕ್ಕದಲ್ಲಿ ಯಾರೋ ದಾಟಿ ಹೋಗ್ತಿರೋ ಹಾಗೆ ಅವ್ರು ತಲೆ ತಿರುಗ್ಸಿ ನೋಡಿದ್ರು. ಹಿಂದಿನಿಂದ ಮುಂದಕ್ಕೆ. ಆಮೇಲೆ ಮೆತ್ತಗೆ ಹುಲ್ಲಿಗಿಳಿಸಿ ನಿಲ್ಸಿದ್ರು. ನಾನು ಓಡಿ ಹೋಗೋಷ್ಟ್ರಲ್ಲಿ..."

"ಎರಡೂ ಇಪ್ಪತ್ತಕ್ಕೆ," ಎಂದಳು ಮಾರ್ಲಿಸ್.

"ಹೌದು. ಡಾಕ್ಟ್ರು ಹೇಳಿದ್ರಾ?"

ಮಾರ್ಲಿಸ್ ಹೌದೆಂದು ತಲೆಯಾಡಿಸಿದಳು. ಡಾಕ್ಟರು ಹಾಗೇನೂ ಹೇಳಿರಲಿಲ್ಲ.

* * *

ಆ ಶನಿವಾರ ಕನಸು ಬೇರೆಯಾಗಿತ್ತು. ಅವಳು ಅವನ ಪಕ್ಕದಲ್ಲಿರಲಿಲ್ಲ. ಬೇರೊಂದು ಕಾರಿನಲ್ಲಿ, ಒಬ್ಬಳೇ, ಸ್ಟೀರಿಂಗ್ ಹಿಡಿದು ಕೂತಿದ್ದಳು. ಮುಂದೆ ಕೆಂಪು ಕಾರು ಅಡ್ಡವಾಗಿ ತೆವಳುತ್ತಿತ್ತು. ಅವಳಿಗೆ ಸಿಟ್ಟು ಬಂದಿತ್ತು. ಹಾಗೆ ಸಿಟ್ಟು ಮಾಡಿದ್ದು ಎಷ್ಟು ವರ್ಷದ ಹಿಂದೋ, ಬಚ್ಚಿಟ್ಟು ಮರೆತ ಒಡವೆ ಸಿಕ್ಕಂತಾಗಿತ್ತು. ಹೋಗೋ, ಇಲ್ಲ ಬಿಡೋ, ಎಂದು ಅವಳು ಕೂಗುತ್ತಿದ್ದಳು. ಕಿಟಕಿಯಿಂದ ತೋಳೊಂದು ಹೊರಬಂದು ಎಡಕ್ಕೆ ಚಾಚಿತು. ನೀಲಿ ಚೌಕಳಿ ಅಂಗಿಯ ತೋಳು, ಅವಳೇ ಇಸ್ತ್ರಿ ಮಾಡಿದ್ದು. ಅವಳು ದಾಟಿದಳು. ದಾಟುವಾಗ ಅವನ ಕಡೆ ತಿರುಗಲಿಲ್ಲ. ಮುಂದಿನ ರಸ್ತೆ ಅಗಲವಾಗಿ, ಬರಿದಾಗಿ, ಬಿಸಿಲಿನಲ್ಲಿ ಬಿದ್ದಿತ್ತು.

ಎದ್ದಾಗ ಗಡಿಯಾರದಲ್ಲಿ ಎರಡೂ ಇಪ್ಪತ್ತು. ಕತ್ತು ನೋಯುತ್ತಿರಲಿಲ್ಲ. ಮೈಯೆಲ್ಲ ಹುಡುಗಿಯ ಮೈಯಂತೆ ಹಗುರ. ಅವಳು ಹಾಡು ಗುನುಗುತ್ತ ಕಾಫಿಗೆ ನೀರಿಟ್ಟಳು. ಫೋನು ಬಂದಾಗಲೂ ಗುನುಗುತ್ತಲೇ ಎತ್ತಿಕೊಂಡಿದ್ದಳು.

* * *

ಟ್ರ್ಯಾಕಿನ ಪ್ರತಿ ತಿರುವಿನಲ್ಲೂ ಬಾವುಟದವರು ಬಿಳಿ ಬಟ್ಟೆಯಲ್ಲಿ ನಿಂತಿದ್ದರು. ದೂರದಿಂದ ಅವರಿಗೆ ಮುಖಗಳಿದ್ದಂತೆ ಕಾಣುತ್ತಿರಲಿಲ್ಲ. ಮುಂದೆ ಎಲ್ಡನ್‌ನ ಕಾರು, ಹಿಂದೆ ಶವದ ಗಾಡಿ. ಕೆಂಪು ಕಾರನ್ನು ಅಲ್ಲಿಯವರೆಗೆ ತಂದಿದ್ದ ಡ್ವೇನ್ ಇಳಿದು ಬಂದು, ಪಕ್ಕದ ಸೀಟಿನಲ್ಲಿ ಕೂರುತ್ತೀರಾ ಎಂದು ಮಾರ್ಲಿಸ್‌ಳನ್ನು ಮೆಲ್ಲಗೆ ಕೇಳಿದ. ಅವಳು ಬೇಡವೆನ್ನುತ್ತಾಳೆ, ಇನ್ನೆರಡು ಸಲ ಕೇಳಬೇಕು ಎಂದು ಸಿದ್ಧನಾಗಿಯೇ ಬಂದಿದ್ದ.

"ಓಡಿಸೋದು ನಾನು," ಎಂದಳು ಮಾರ್ಲಿಸ್.

"ಅಮ್ಮ, ನೀನು ಹೆದ್ದಾರಿಗೇ ಹೋಗಲ್ಲ," ಎಂದಳು ಬ್ರಿಟಾ.

"ಅಲ್ಲಿ ಎದುರಿಂದ ಬರ್ತಾರೆ. ಇಲ್ಲಿ ಎಲ್ರೂ ಒಂದೇ ಕಡೆಗೆ."

ಡ್ವೇನ್ ಬ್ರಿಟಾಳ ಮುಖ ನೋಡಿದ. ಆಮೇಲೆ ಕೀಲಿ ಕೊಟ್ಟ. ತಾನು ಪಕ್ಕದಲ್ಲಿ ಕೂರುತ್ತೇನೆ, ದಾರಿ ಹೇಳುತ್ತೇನೆ ಎಂದ. ದಾರಿ ಗೊತ್ತು ಎಂದಳು. ಕೈಚೀಲವನ್ನೂ ಕೋಟನ್ನೂ ಮಗಳಿಗೆ ಕೊಟ್ಟು ಒಬ್ಬಳೇ ಹತ್ತಿದಳು. ಡ್ವೇನ್ ಆರಡಿಯ ಆಳು, ಆಗಷ್ಟೇ ಇಳಿದಿದ್ದ. ಆದರೂ ಸೀಟು ಅವಳ ಗಿಡ್ಡ ಕಾಲಿಗೆ ಸರಿಯಾಗಿತ್ತು.

ಅವಳು ನಿಧಾನವಾಗಿ ಹೊರಟಳು. ಎರಡನೆಯ ತಿರುವಿಗೆ ಮುನ್ನ ಬ್ರೇಕು ಹಿಡಿಯಬೇಕಾದ ಜಾಗದಲ್ಲಿ ಹಿಡಿದಳು. ರಸ್ತೆ ಎಡಕ್ಕೆ ಬಾಗಿ ಕೆಳಗೆ ಬಿದ್ದಾಗ ಗೇರು ಇಳಿಸಿದಳು. ಓಕ್ ಮರಗಳು ಅವು ಇರಬೇಕಾದ ಕಡೆಯೇ ಇದ್ದವು. ಹಿಂದೆ ಶವದ ಗಾಡಿ ಓಡಿಸುತ್ತಿದ್ದ ಓಡೆಗಾರ್ಡ್, ಈ ಹೆಂಗಸು ಪ್ರತಿ ತಿರುವಿನಲ್ಲೂ ಮೊದಲೇ ಬರೆದಿಟ್ಟ ಗೆರೆಯ ಮೇಲೆ ಕಣ್ಣು ಮುಚ್ಚಿಕೊಂಡು ಹೋದಂತೆ ಹೋಗುತ್ತಿದ್ದಳು, ನನ್ನ ಗಾಡಿಗೆ ಹಿಂಬಾಲಿಸುವುದೇ ಕಷ್ಟವಾಯಿತು, ಎಂದು ಆಮೇಲೆ ಊರಿನಲ್ಲಿ ಹೇಳಿದ.

ಏಳನೆಯ ತಿರುವು ದಾಟಿದರೆ ಎಡಗಡೆಯ ಹುಲ್ಲಿನಲ್ಲಿ ಗಾಲಿಗಳು ಹಾದ ಎರಡು ಗೆರೆ. ಅವಳು ಅಲ್ಲಿ ನಿಲ್ಲಿಸಿದಳು. ಹಿಂದೆ ಶವದ ಗಾಡಿಯೂ ನಿಂತಿತು. ಬರ್ನಿಟಾ ಬಾವುಟ ಇಳಿಸಿ ಎರಡು ಹೆಜ್ಜೆ ಮುಂದೆ ಬಂದು, ಅಲ್ಲೇ ನಿಂತುಕೊಂಡಳು.

ಮಾರ್ಲಿಸ್ ಎಡಕ್ಕೆ ತಿರುಗಿ ಹುಲ್ಲನ್ನು ನೋಡಿದಳು. ಅವತ್ತು ನೋಡದೆ ಹೋದದ್ದನ್ನು ಈಗ ನೋಡಬೇಕಿತ್ತು. ಹುಲ್ಲಷ್ಟೇ ಇತ್ತು, ಗಾಳಿಗೆ ಅಲುಗುತ್ತಿತ್ತು. ಅವಳು ಬಹಳ ಹೊತ್ತು ನೋಡಿದಳು.

ಬಲಗಡೆಯ ಖಾಲಿ ಸೀಟಿನ ಕಡೆಯಿಂದ ಟಿಣ್ ಟಿಣ್ ಎಂಬ ಸಣ್ಣ ಸದ್ದು ಬಂತು. ಅವಳ ಮುಂದಿನ ಫಲಕದಲ್ಲಿ ಕೆಂಪು ದೀಪವೊಂದು ಮಿನುಗುತ್ತಿತ್ತು. ಪಕ್ಕದ ಸೀಟಿನಲ್ಲಿ ಯಾರಾದರೂ ಕೂತು ಬೆಲ್ಟು ಹಾಕದಿದ್ದರೆ ಹೊತ್ತಿಕೊಳ್ಳುವ ದೀಪ ಅದು.

ಅವಳು ಹೆದರಲಿಲ್ಲ. ಅಡ್ಡಕ್ಕೆ ಬಾಗಿ, ಆ ಬದಿಯ ಬೆಲ್ಟನ್ನು ಹಿಡಿದು ಎಳೆದಳು. ಖಾಲಿ ಸೀಟಿಗೆ ಬೇಕಾಗುವುದಕ್ಕಿಂತ ಎಷ್ಟೋ ಉದ್ದ ಎಳೆಯಬೇಕಾಯಿತು, ಹೊಟ್ಟೆ ಬಂದ ಒಬ್ಬ ಗಂಡಸನ್ನು ಬಳಸಿ ಬರುವಷ್ಟು. ಕೊಂಡಿ ಕೂತಿತು. ದೀಪ ಆರಿತು. ಬಿಗಿದ ಪಟ್ಟಿ ಸೀಟಿನಿಂದ ಒಂದು ಗೇಣು ಮುಂದಕ್ಕೆ ಉಬ್ಬಿ ನಿಂತು, ಮೆಲ್ಲಗೆ ಏರಿ ಇಳಿಯುತ್ತಿತ್ತು.