ನೋವಿಲ್ಲದವನಿಗೆ ನೋವಿನ ಮದ್ದು

ಹೊಲಿಗೆ ಕಾರ್ಖಾನೆಯಲ್ಲಿ ತಪಾಸಣೆಯ ಮೇಜು ನನ್ನದು. ಇಪ್ಪತ್ತಾರು ವರ್ಷ ಬೇರೆಯವರ ತಪ್ಪು ಹುಡುಕಿಯೇ ಹೊಟ್ಟೆ ಹೊರೆದಿದ್ದೇನೆ. ಆಸ್ಪತ್ರೆಯಲ್ಲಿ ನರ್ಸು ತಮ್ಮನ ಕೈಗೆ ಪುಟ್ಟ ಪೊಟ್ಟಣ ಕೊಟ್ಟಾಗ ಅದನ್ನು ಕಿತ್ತುಕೊಂಡು ಓದಿದವಳೂ ನಾನೇ.

ತಮ್ಮನ ಪಿತ್ತನಾಳದಲ್ಲಿ ಕಲ್ಲು ಸಿಕ್ಕಿಕೊಂಡಿತ್ತು. ಬಾಯಿಂದ ಕೊಳವೆ ಇಳಿಸಿ ತೆಗೆಯುತ್ತೇವೆ ಎಂದಿದ್ದರು. ಪೊಟ್ಟಣದಲ್ಲಿದ್ದದ್ದು ನುಂಗುವುದಲ್ಲ, ಗುದದ್ವಾರದೊಳಗೆ ಇಡುವ ಮಾತ್ರೆ. ಮೇಲೆ ‘ನೋವು, ಊತಕ್ಕೆ’ ಎಂದಿತ್ತು.

“ಇವನಿಗೆ ಈಗ ನೋವೇ ಇಲ್ವಲ್ಲ ಸಿಸ್ಟರ್?”

“ಎಲ್ಲರಿಗೂ ಕೊಡ್ತೀವಮ್ಮ,” ಎಂದು ಆಕೆ ಹೊರಟೇಬಿಟ್ಟಳು. ತಮ್ಮನಿಗೆ ನಾಚಿಕೆ, ತಾನೇ ಇಟ್ಟುಕೊಳ್ಳುತ್ತೇನೆಂದು ಆಕೆಯನ್ನು ಒಪ್ಪಿಸಿದ್ದ.

ಎಲ್ಲರಿಗೂ ಕೊಡುವುದೆಂದರೆ ಯಾರಿಗೆಂದು ನೋಡದೆ ಕೊಡುವುದು. ಪಕ್ಕದ ಮಂಚದವನ ಮದ್ದು ಇವನಿಗೆ ಬಂದಿದೆ ಎಂದು ನನಗೆ ಖಾತ್ರಿಯಾಯಿತು.

“ಇಟ್ಕೋಬೇಡ. ಕೇಳಿದ್ರೆ ಆಯ್ತು ಅನ್ನು,” ಎಂದೆ. ತಮ್ಮ ಹೂಂ ಎಂದು ಬಚ್ಚಲಿಗೆ ಹೋಗಿ ಬಂದ. ನಾನು ಹಾಕಿದ ಗೆರೆ ಅವನು ದಾಟಿದವನಲ್ಲ. ನರ್ಸು ಬಂದು ಕೇಳಿದಾಗ ಆಯ್ತು ಎಂದ. ಆಕೆ ಕಾಗದದಲ್ಲಿ ಗುರುತು ಹಾಕಿ ಅವನನ್ನು ಒಳಗೆ ಕರೆದೊಯ್ದಳು.

ಹೊರಗಿನ ಬೆಂಚಿನಲ್ಲಿ ಒಬ್ಬ ಟೀಚರಮ್ಮ ಕೂತಿದ್ದರು. ನಾನು ಕೇಳದೆಯೇ ಮಾತು ತೆಗೆದರು.

“ನಮ್ಮ ಯಜಮಾನರಿಗೂ ಹಿಂದೆ ಇದೇ ಕೊಳವೆ ಇಳಿಸಿದ್ರು. ಮೇದೋಜೀರಕ ಗ್ರಂಥಿ ಊದಿಕೊಂಡು ಮೂರು ವಾರ ಒದ್ದಾಡಿದ್ರು. ಹಾಗಾಗೋದು ಕಡಿಮೆಯಾಗ್ಲಿ ಅಂತ ಈಗ ಮೊದಲೇ ಒಂದು ಮಾತ್ರೆ ಇಡ್ತಾರೆ. ನೋವಿನದ್ದೇ ಮಾತ್ರೆ.”

ಈಕೆಯನ್ನೂ ಅನುಮಾನಿಸಲು ನೋಡಿದೆ, ಆಗಲಿಲ್ಲ. ಎದ್ದು ಹೋಗಿ ಬಾಗಿಲು ಬಡಿದೆ. ನರ್ಸಿನ ಮುಂದೆ ಎಲ್ಲ ಹೇಳಿಕೊಂಡೆ. ಹೊರಗೆ ಕಾದು ಕೂತಿದ್ದ ಅಷ್ಟು ಜನರ ಎದುರು ತಪ್ಪೊಪ್ಪಿಕೊಂಡದ್ದು ಹುಟ್ಟಿದ ಮೇಲೆ ಅದೇ ಮೊದಲು.

ಕಲ್ಲು ತೆಗೆದು ಮುಗಿಸಿದ ಡಾಕ್ಟರು ನನ್ನನ್ನು ಒಳಗೆ ಕರೆದರು. “ಇಡದೇ ಇದ್ರೆ ಈಗಲೂ ಇಡಬಹುದು. ಇಟ್ಟಿದ್ರೆ ಇನ್ನೊಂದು ಬೇಡ. ಅವರನ್ನೇ ಕೇಳೋಣ.”

ತಮ್ಮ ಮಂಪರಿನಲ್ಲೇ ಕಣ್ಣು ಬಿಟ್ಟ. “ಇಟ್ಕೊಂಡಿದ್ದೀನಿ ಡಾಕ್ಟ್ರೇ.”

“ಸುಳ್ಳು. ನನ್ನ ಮರ್ಯಾದೆ ಉಳಿಸೋಕೆ ಹೇಳ್ತಿದ್ದಾನೆ. ನಾನೇ ಬೇಡ ಅಂದಿದ್ದೆ.”

“ನೀನು ಬೇಡ ಅಂದೆ ಅಕ್ಕ, ಅದಕ್ಕೇ ನಿನಗೆ ಹೇಳ್ಲಿಲ್ಲ. ಯಾಕೆ ಇಡ್ತಾರೆ ಅಂತ ಡಾಕ್ಟ್ರು ನಿನ್ನೆಯೇ ವಿವರಿಸಿದ್ರು. ನೀನು ಆಗ ಹೊದಿಕೇಲಿ ಕಲೆ ಇದೆ ಅಂತ ಆಯಾ ಜೊತೆ ಜಗಳಕ್ಕೆ ನಿಂತಿದ್ದೆ.”

ಡಾಕ್ಟರು ನಕ್ಕು ತಲೆಯಾಡಿಸಿದರು. ನನಗೆ ಹೋದ ಜೀವ ಬಂದಂತಾಯಿತು. ಅದರ ಬೆನ್ನಿಗೇ, ನಲವತ್ತು ವರ್ಷ ಅವನು ನನಗೆ ಅಂದ ಹೂಂಗಳೆಲ್ಲ ಒಂದೊಂದಾಗಿ ನೆನಪಾಗತೊಡಗಿದವು.

“ಇನ್ನೂ ಏನೇನು ಹೇಳಿಲ್ಲ ನೀನು?” ಎಂದೆ.

ತಮ್ಮ ಕಣ್ಣು ಮುಚ್ಚಿಕೊಂಡ. ಅದು ಮಂಪರೋ ನಾಟಕವೋ, ನನಗೆ ಇವತ್ತಿಗೂ ಗೊತ್ತಿಲ್ಲ.