ಹತ್ತಕ್ಕೆ ಒಂಬತ್ತು

ಚಾವಣಿ ಇಷ್ಟು ಬಿಳಿ ಇರುವುದಿಲ್ಲ ಯಾವ ವಾರ್ಡಿನಲ್ಲೂ, ಎಲ್ಲೋ ಒಂದು ಕಡೆ ನೀರು ಸೋರಿದ ಕಲೆ ಇದ್ದೇ ಇರುತ್ತದೆ, ಇಲ್ಲಿಲ್ಲ, ಈ ವಿಆರ್ ಕನ್ನಡಕದೊಳಗೆ ಎಲ್ಲ ಈಗಷ್ಟೇ ಸುಣ್ಣ ಬಳಿದಂತೆ, ತಲೆ ಎಡಕ್ಕೆ ತಿರುಗಿಸಿದರೆ ಕಿಟಕಿ, ಬಲಕ್ಕೆ ತಿರುಗಿಸಿದರೆ ಗ್ಲೂಕೋಸ್ ಬಾಟಲಿ, ಕೆಳಗೆ ನೋಡಿದರೆ ನನ್ನದಲ್ಲದ ಎರಡು ಮುದಿ ಕೈಗಳು ಹೊದಿಕೆಯ ಮೇಲೆ ಸುಮ್ಮನೆ ಬಿದ್ದಿವೆ — ನಾನೀಗ ಸ್ಟ್ರೋಕ್ ಆಗಿ ಮಾತು ನಿಂತ ಎಪ್ಪತ್ತರ ರೋಗಿ, ಎಂಟು ನಿಮಿಷದ ಮಟ್ಟಿಗೆ — ಅಗೋ ಬಂದರು ಇಬ್ಬರು ನರ್ಸ್‌ಗಳು, ನನ್ನ ಮೇಲೆಯೇ ಬಗ್ಗಿಕೊಂಡು ತಮ್ಮತಮ್ಮಲ್ಲೇ ಮಾತು, ಏಳನೇ ಬೆಡ್ಡಿಂದು ಊಟ ಆಯ್ತಾ, ಇಲ್ಲ ಕಣೆ, ಇದು ಬಾಯೇ ಬಿಡಲ್ಲ, ಇದು ಎಂದದ್ದು ನನಗೆ. ಆ ‘ಇದು’ ಕೇಳಿದ ಕೂಡಲೇ ನಮ್ಮ ಹುಡುಗಿಯರು ಅಳುತ್ತಾರೆ. ಬೆಳಗ್ಗೆ ಇಪ್ಪತ್ತಮೂರು ಜನ, ನರ್ಸಿಂಗ್ ಎರಡನೇ ವರ್ಷದವರು, ಒಬ್ಬೊಬ್ಬರೇ ಈ ಕುರ್ಚಿಯಲ್ಲಿ ಕೂತು, ಕನ್ನಡಕ ತೆಗೆದು, ಕಣ್ಣೊರೆಸಿಕೊಂಡು, ಏನನ್ನಿಸಿತು ಎಂದು ಹಾಳೆಯಲ್ಲಿ ಬರೆದುಕೊಟ್ಟರು, ನಾನು ಎಂಟು, ಒಂಬತ್ತು ಎಂದು ಹಾಕುತ್ತಾ ಹೋದೆ — ಕರುಣೆಗೆ ಮಾರ್ಕ್ಸ್ ಹಾಕುವ ಮೇಡಂ ನಾನು, ನಗಬೇಕು — ಪ್ರಿನ್ಸಿಪಾಲರಂತೂ ಬಾಗಿಲಲ್ಲೇ ನಿಂತು, ಭೇಷ್ ಮೇಡಂ, ಟಿಶ್ಯೂ ಡಬ್ಬ ಖಾಲಿ ಆಯ್ತಲ್ಲ, ಪಾಠ ನಾಟಿದೆ ಅಂತ ಲೆಕ್ಕ.

ಒಂದು ಹಾಳೆಯಲ್ಲಿ ಮಾತ್ರ ಮೂರೇ ಪದ, ನನಗೇನೂ ಅನ್ನಿಸಲಿಲ್ಲ ಮೇಡಂ, ಬರೆದವಳು ಕೊನೇ ಬೆಂಚಿನವಳು, ಗೆಳತಿಯರು ತಣ್ಣೀರು ಎಂದು ಅಡ್ಡಹೆಸರಿಟ್ಟಿರುವವಳು, ಎರಡು ಎಂದು ಮಾರ್ಕ್ಸ್ ಬರೆದು ಸ್ಟಾಫ್‌ರೂಮಿಗೆ ಕರೆಸಿದೆ, ಏನಮ್ಮ, ಮೈಯಲ್ಲಿ ರಕ್ತ ಹರಿಯುತ್ತೋ ನೀರು ಹರಿಯುತ್ತೋ — ತಮಾಷೆ ಅಂದುಕೊಂಡೆ, ಪಕ್ಕದ ಮೇಡಂ ನಕ್ಕರು ಕೂಡ, ಅವಳು ನಗಲಿಲ್ಲ, ಉಗುರು ನೋಡಿಕೊಂಡು ನಿಂತಳು, ಮನೇಲಿ ಅಪ್ಪ ಹಿಂಗೇ ಮಲಗಿದ್ರು ಮೇಡಂ, ಮೂರು ವರ್ಷ, ಅಮ್ಮ ಕೆಲಸಕ್ಕೆ ಹೋಗ್ತಿದ್ರು, ನಾನೇ ನೋಡ್ಕೊಂಡೆ. ಅಯ್ಯೋ, ಅದನ್ನೇ ಬರೀಬಾರದಿತ್ತೇನೆ, ಪೂರ್ತಿ ಹತ್ತು ಕೊಡ್ತಿದ್ದೆ — ನನ್ನ ಬಾಯಿಂದಲೇ ಬಂದ ಮಾತು, ನನ್ನದೇ ನಾಲಿಗೆ — ಅವಳು ತಲೆಯೆತ್ತಿದಳು, ಕೋಪವಿರಲಿಲ್ಲ, ಕೋಪವಿದ್ದಿದ್ದರೆ ಬೈದು ಕಳಿಸಬಹುದಿತ್ತು, ಅದು ನಮ್ಮ ಮನೇದು ಮೇಡಂ, ಮಾರ್ಕ್ಸಿಗೆ ಬೇಡ. ನನ್ನ ಮೇಜಿನಿಂದಲೇ ಪೆನ್ನು ತೆಗೆದುಕೊಂಡು ಹಳೆಯ ಸಾಲು ಹೊಡೆದುಹಾಕಿ ಬರೆದಳು, ತುಂಬಾ ಅಳು ಬಂತು, ರೋಗಿಯ ನೋವು ನನ್ನದೇ ಅನ್ನಿಸಿತು, ದುಂಡಗಿನ ಅಕ್ಷರ, ಇಷ್ಟು ಸಾಕಾ ಮೇಡಂ. ನಾನು ಎರಡನ್ನು ಹೊಡೆದು ಒಂಬತ್ತು ಬರೆದೆ, ಬರೆದೇಬಿಟ್ಟೆ, ಸುಳ್ಳಿಗೆ ಏಳು ಮಾರ್ಕ್ಸ್ ಜಾಸ್ತಿ. ವಾರ್ಡ್ ಡ್ಯೂಟಿಗೆ ಹೊರಟವಳನ್ನು ಬಾಗಿಲಲ್ಲಿ ತಡೆದೆ, ಇರು, ನಿಜ ಹೇಳು, ಆ ಕನ್ನಡಕದಲ್ಲಿ ಕಂಡದ್ದರಲ್ಲಿ ಏನು ಕಮ್ಮಿ ಇತ್ತು? ಯೋಚಿಸಿ ಅಂದಳು, ಅದ್ರಲ್ಲಿ ಮೂಗು ಕಡಿಯಲ್ಲ ಮೇಡಂ, ಅಪ್ಪಂಗೆ ಮೂಗಲ್ಲಿ ಹಾಕಿದ್ದ ಊಟದ ಟ್ಯೂಬಿನ ಪ್ಲಾಸ್ಟರ್ ಹತ್ರ ಸದಾ ಕಡಿಯೋದು, ಕೈ ಎತ್ತೋಕಾಗ್ತಿರ್ಲಿಲ್ಲ, ಹುಬ್ಬು ಗಂಟಾದ್ರೆ ನಾನು ಕೆರೀತಿದ್ದೆ. ಅಷ್ಟೇ ಹೇಳಿ ಹೋದಳು.

ಅದಕ್ಕೇ ಬಂದು ಕೂತಿದ್ದೇನೆ, ಮಧ್ಯಾಹ್ನದ ಖಾಲಿ ಲ್ಯಾಬಿನಲ್ಲಿ, ಮೂಗು ಕಡಿಯುತ್ತದೋ ಇಲ್ಲವೋ ನೋಡೋಣ ಎಂದು, ಹುಚ್ಚು — ಕಡಿಯುತ್ತಿದೆ, ಕನ್ನಡಕದ ರಬ್ಬರಿನ ಕೆಳಗೆ, ಬೆವರಿಗಿರಬೇಕು, ಕೈ ಎತ್ತಲೇ, ಬೇಡ, ರೋಗಿಗೆ ಎತ್ತಲಾಗುವುದಿಲ್ಲ, ಇನ್ನೂ ಮೂರು ನಿಮಿಷ, ತಡೆದುಕೊಳ್ಳುತ್ತೇನೆ, ಹುಬ್ಬು ತಾನಾಗಿ ಗಂಟಿಕ್ಕುತ್ತಿದೆ, ಆ ಬೊಂಬೆ ನರ್ಸ್‌ಗಳು ನೋಡುವುದಿಲ್ಲ — ನಾನೂ ನೋಡಿರಲಿಲ್ಲ. ಯಾರನ್ನು. ಮೇಷ್ಟ್ರನ್ನು. ಇಪ್ಪತ್ತಾರು ವರ್ಷ ನೆನಪಿಗೆ ಬಾರದವರು ಈಗ ಯಾಕೆ, ನನ್ನ ಮೊದಲ ಕೆಲಸ, ಗಂಡಸರ ವಾರ್ಡು, ಬಾಗಿಲ ಪಕ್ಕದ ಮಂಚ, ಶಾಲೆಯ ಮೇಷ್ಟ್ರು, ಸ್ಟ್ರೋಕ್, ಮಾತಿಲ್ಲ, ಬಲಗೈ ಬಿದ್ದುಹೋಗಿದೆ, ಎಡಗೈಯೊಂದೇ ಆಡುತ್ತದೆ, ಅದು ಹೊತ್ತುಹೊತ್ತಿಗೂ ಮೂಗಿನ ಟ್ಯೂಬಿಗೆ ಹೋಗುತ್ತದೆ, ಎರಡು ಸಲ ಟ್ಯೂಬ್ ಕಿತ್ತು ಬಂತು, ಹಿರಿಯ ಸಿಸ್ಟರ್ ರೇಗಿದರು, ಕಟ್ಟಮ್ಮ ಆ ಕೈನ, ಎಷ್ಟು ಸಲ ಹಾಕ್ತಾ ಕೂತ್ಕೋತೀಯ, ನಾನೇ ಕಟ್ಟಿದೆ, ಬ್ಯಾಂಡೇಜ್ ಬಟ್ಟೆಯಿಂದ, ಮಂಚದ ಕಂಬಿಗೆ, ನೀಟಾದ ಗಂಟು, ರಿಪೋರ್ಟಿನಲ್ಲಿ ಬರೆದೆ, ರೋಗಿ ಸಹಕರಿಸುವುದಿಲ್ಲ. ಅವರ ಹೆಂಡತಿ ಸಂಜೆ ಬಂದು ಕೇಳಿದರು, ಸಿಸ್ಟರ್, ಸ್ವಲ್ಪ ಹೊತ್ತು ಬಿಚ್ಚಿ, ನಾನು ಪಕ್ಕದಲ್ಲೇ ಇರ್ತೀನಿ. ಆಗಲ್ಲಮ್ಮ, ರೂಲ್ಸ್. ರೂಲ್ಸ್ ಅಲ್ಲ, ನನಗೆ ಬಸ್ಸಿಗೆ ಹೊತ್ತಾಗಿತ್ತು. ಕಟ್ಟಿದ ಮೇಲೂ ಆ ತೋರುಬೆರಳು ಸುಮ್ಮನಿರಲಿಲ್ಲ, ಹಾಸಿಗೆಯನ್ನು ಕೆರೆಯುತ್ತಲೇ ಇತ್ತು, ನಾವು ಓಡಾಡುತ್ತಾ ನಗುತ್ತಿದ್ದೆವು, ಏನ್ ಮೇಷ್ಟ್ರೇ, ಯಾರಿಗೆ ಅಕ್ಷರ ತಿದ್ದಿಸ್ತಿದೀರಾ, ಹನ್ನೊಂದು ದಿನ ಆ ಬೆರಳು, ಹನ್ನೆರಡನೆಯ ದಿನ ಮಂಚ ಖಾಲಿ — ಅವರು ಬರೆಯುತ್ತಿರಲಿಲ್ಲ. ಟ್ಯೂಬ್ ಕೀಳಲೂ ಹೊರಟಿರಲಿಲ್ಲ. ಮೂಗು. ಬರೀ ಮೂಗು. ಎಂಟು ನಿಮಿಷ ಮುಗಿಯಿತು, ಧನ್ಯವಾದ ಎನ್ನುತ್ತಿದೆ ಒಂದು ಹೆಣ್ಣುದನಿ, ಕನ್ನಡಕ ತೆಗೆಯಬಹುದು, ಕೆರೆದುಕೊಳ್ಳಬಹುದು, ನನ್ನ ಕೈಯನ್ನು ಯಾರೂ ಕಟ್ಟಿಲ್ಲ, ಎತ್ತಲಾಗುತ್ತಿಲ್ಲ — ಬಿಳಿ ಹಾಸುಬಟ್ಟೆ, ಕಂಬಿಗೆ ಬಿಗಿದ ಮಣಿಕಟ್ಟು, ಒಂದು ಬೆರಳು, ಕೆರೆಯುತ್ತಿದೆ, ಅದೇ ಜಾಗ, ಕೆರೆಯುತ್ತಿದೆ, ಬೆರಳು —