ಭಾವನ ನೆಗಡಿ

“ವಾಟರ್‌ಪ್ರೂಫ್ ವಾಚಾದ್ರೆ ಮಾತ್ರ ಕೊಡಿ ಸಾರ್. ರಿಪೇರಿ ಮಾಡೋದು ನಮ್ಮ ಭಾವ, ಅವರ ಮೂಗಿಂದೇ ವಾಷರ್ ಹೋಗಿದೆ!”

ವಾಚ್ ಅಂಗಡಿಯ ಕೌಂಟರಿನಲ್ಲಿ ನಿಂತಿದ್ದ ಗಿಳಿ ಅಷ್ಟಕ್ಕೇ ಬಿಡಲಿಲ್ಲ. ಯಾರ ದನಿಯನ್ನಾದರೂ ಹಾಗ್ಹಾಗೇ ಅಣಕಿಸುವುದಕ್ಕೇ ಅವನಿಗೆ ಆ ಹೆಸರು. ಬೆನ್ನು ಬಗ್ಗಿಸಿ, ಅಕ್ಕನ ಗಂಡನ ರಾಗದಲ್ಲೇ “ಸ್ವಲ್ಪ... ಸ್ಲೋ... ಹೋಗ್ತಿದೆ” ಎಂದು ಮೂಗೊರೆಸಿಕೊಂಡ. ಗಿರಾಕಿ ಹೊಟ್ಟೆ ಹಿಡಿದುಕೊಂಡು ನಕ್ಕ. ಒಳಗೆ ಬೆನ್ನು ಹಾಕಿ ಕೂತಿದ್ದ ಭಾವ ತಿರುಗಲಿಲ್ಲ.

ಬಗ್ಗಿದಾಗಲೆಲ್ಲ ಭಾವನ ಎಡ ಮೂಗಿನಿಂದ ತಿಳಿನೀರು ತೊಟ್ಟಿಕ್ಕುತ್ತಿತ್ತು. ಹಿಂದಿನ ವರ್ಷ ಸ್ಕೂಟರಿನಿಂದ ಬಿದ್ದು ಹಣೆ ಒಡೆದುಕೊಂಡದ್ದು ಯಾರಿಗೂ ನೆನಪಾಗಲಿಲ್ಲ; ನೆಗಡಿ ಎಂದರೆ ನೆಗಡಿ. ಗಿಳಿ ಅಣಕಿಸಿದ ದಿನದಿಂದ ತೊಟ್ಟಿಕ್ಕುವುದು ನಿಂತಿತು. ತನ್ನ ತಮಾಷೆಗೇ ಗುಣವಾಯಿತೆಂದು ಗಿಳಿ ಬೀಗಿದ. ಭಾವ ಮಾತ್ರ ಕುರ್ಚಿ ತಗ್ಗಿಸಿ, ತಲೆ ಹಿಂದಕ್ಕೆ ವಾಲಿಸಿ, ವಾಚನ್ನು ಕಣ್ಣಿನ ಮಟ್ಟಕ್ಕೆ ಎತ್ತಿ ಹಿಡಿದು ಕೆಲಸ ಮಾಡುತ್ತಿದ್ದ. ಗಂಟಲಿಗೆ ಇಳಿಯುವ ಉಪ್ಪುನೀರನ್ನು ಸದ್ದಿಲ್ಲದೆ ನುಂಗುತ್ತಿದ್ದ. ಮೂರು ತಿಂಗಳಿಗೆ ಜ್ವರ ಏರಿತು, ಕತ್ತು ಸೆಟೆಯಿತು, ಎಚ್ಚರ ತಪ್ಪಿತು.

“ನೆಗಡಿಯಲ್ಲ, ಮಿದುಳಿನ ಸುತ್ತ ಇರೋ ನೀರು. ಬುರುಡೆ ತಳದಲ್ಲಿ ಸಣ್ಣ ತೂತು,” ಎಂದರು ಸರ್ಜನ್. ಸೋಂಕು ಇಳಿದ ಮೇಲೆ ಮೂಗಿನೊಳಗೇ ಕ್ಯಾಮೆರಾ ಕೊಳವೆ ಇಳಿಸಿ, ತೊಡೆಯಿಂದ ತೆಗೆದ ತೇಪೆ ಹಾಕಿ ತೂತು ಮುಚ್ಚಿದರು. ಮುಖದ ಮೇಲೆ ಒಂದು ಗೀರೂ ಇಲ್ಲ. “ಮೊದಲೇ ಯಾಕೆ ಬರಲಿಲ್ಲ? ಸೋಂಕು ಎರಡೂ ಕಿವೀನ ತಿಂದುಹಾಕಿದೆ. ಅದಕ್ಕೆ ನನ್ನ ಹತ್ರ ತೇಪೆ ಇಲ್ಲ.”

“ನಾಚ್ಕೊಂಡ್ರು,” ಎಂದಳು ಅಕ್ಕ, ತಮ್ಮನ ಕಡೆ ನೋಡದೆ.

ಇನ್ನು ಬಗ್ಗಬಹುದು, ನಗಬಹುದು ಎಂದು ಸರ್ಜನ್ ಒಪ್ಪಿಗೆ ಕೊಡಲು ಎರಡು ತಿಂಗಳಾಯಿತು. ಮಾರನೆಯ ದಿನವೇ ಭಾವ ಅಂಗಡಿಗೆ ಬಂದ. ಒಂದು ವಾಚು ಬಿಚ್ಚಿ, ಜೋಡಿಸಿ, ಬಲಗಿವಿಗೆ ಹಿಡಿದ. ಎಡಗಿವಿಗೆ ಹಿಡಿದ. ಕೊನೆಗೆ ಗಿಳಿಯ ಕೈಗಿಟ್ಟು, “ಸರಿಯಾಗಿ ಬಡೀತಿದೆಯೇನೋ?” ಎಂದು ಬೀದಿಗೆ ಕೇಳುವಂತೆ ಕೂಗಿದ.

ಗಿಳಿ ತಲೆಯಾಡಿಸಿದ. ಆಡಿಸಿದವನು ಹಾಗೇ ಸ್ಟೂಲಿನ ಮೇಲೆ ಕೂತು ಅತ್ತ. “ನನ್ನಿಂದಾನೇ ಆಗಿದ್ದು ಭಾವ. ಆ ಹಾಳು ತಮಾಷೆ...”

“ಅಳ್ತಾ ಮಾತಾಡ್ಬೇಡ್ವೋ, ತುಟಿ ಗೊತ್ತಾಗಲ್ಲ! ನನ್ನ ಥರ ಮಾಡ್ತಿದ್ಯಲ್ಲ, ಅದ್ ಮಾಡು. ಒಂದಿನಾನೂ ನೋಡಿಲ್ಲ ನಾನು. ಬರೀ ಕೇಳಿಸ್ಕೊಂಡಿದ್ದೆ.”

ಗಿಳಿ ಎದ್ದ. ಬೆನ್ನು ಬಗ್ಗಿಸಿದ, ಮೂಗೊರೆಸಿಕೊಂಡ. ದನಿ ಮಾತ್ರ ಹೊರಡಲಿಲ್ಲ, ಹೊರಡಬೇಕಾಗಿಯೂ ಇರಲಿಲ್ಲ. ಕೌಂಟರಿನಲ್ಲಿ ನಿಂತಿದ್ದ ಇಬ್ಬರು ಗಿರಾಕಿಗಳು ಮೆಲ್ಲಗೆ ನಕ್ಕು ನಿಲ್ಲಿಸಿದರು. ಭಾವ ನಿಲ್ಲಿಸಲಿಲ್ಲ. ಮೇಜು ಬಡಿಬಡಿದು ನಗುತ್ತಿದ್ದ, ಎಷ್ಟು ಜೋರೆಂದು ತಿಳಿಯದೆ. ತಟ್ಟೆಯಲ್ಲಿದ್ದ ಸಾಸಿವೆ ಗಾತ್ರದ ಸ್ಕ್ರೂಗಳೆಲ್ಲ ಕುಣಿಯುತ್ತಿದ್ದವು.